ಎಡಗೈ ಗಿಟಾರು

ನಮ್ಮ ದಾದಿಯ ಕಾನೂನಿನ ಪ್ರಕಾರ ಎಡಗೈಗೆ ಇದ್ದದ್ದು ಎರಡೇ ಕೆಲಸ. ಒಂದು ಹೇಳುವಂಥದ್ದಲ್ಲ, ಇನ್ನೊಂದು ಬಲಗೈ ತೊಳೆಯುವುದು. ಉಳಿದದ್ದೆಲ್ಲ ಬಲಗೈಯ ಪಾಲು. ಉಣ್ಣುವುದು, ಕೊಡುವುದು, ತೆಗೆದುಕೊಳ್ಳುವುದು, ರೊಟ್ಟಿ ಬಡಿಯುವುದು, ಮಗುವಿನ ತಲೆ ಸವರುವುದು ಎಲ್ಲ. ದಾದಿ ಎಂದರೆ ಅಬ್ಬಾನ ತಾಯಿ. ಸಿಂಧನೂರಿನ ಹಳೇ ಬಜಾರಿನ ಹಿಂದಿನ ಓಣಿಯಲ್ಲಿದ್ದ ನಮ್ಮ ಮನೆ ನಡೆಯುತ್ತಿದ್ದದ್ದು ಅವಳ ಮಾತಿನ ಮೇಲೆ. ನನಗೆ ಈ ಕಾನೂನಿನಿಂದ ಏನೂ ತೊಂದರೆ ಇರಲಿಲ್ಲ, ನಾನು ಹುಟ್ಟಾ ಬಲಗೈಯವಳು. ತೊಂದರೆ ಇದ್ದದ್ದು ನನ್ನ ತಾಯಿ ಅಮ್ಮಿಗೆ. ಮಸ್ಕಿಯಿಂದ ಸೊಸೆಯಾಗಿ ಬಂದ ಅಮ್ಮಿ ಎಡಚಿ. ಈ ಸಂಗತಿಯನ್ನು ತವರಿನವರು ಮುಚ್ಚಿಟ್ಟು ಮದುವೆ ಮಾಡಿದರು ಎಂಬ ಸಿಟ್ಟು ದಾದಿಗೆ ಕೊನೆತನಕ ಇತ್ತು. ಮಾತಿನಲ್ಲಿ ಹೇಳಿ ಆಗದಾಗ ದಾದಿ ಒಂದು ಉಪಾಯ ಹೂಡಿದಳು. ಅಮ್ಮಿಯ ಬಲಗೈಗೆ ಎರಡೇ ಗಾಜಿನ ಬಳೆ, ಎಡಗೈಗೆ ಪೂರಾ ಒಂದು ಡಜನ್. ಅಡುಗೆಮನೆಯಲ್ಲಿ ಎಡಗೈ ಆಡಿತೋ, ನಡುಮನೆಯಲ್ಲಿ ಜಪಮಣಿ ಎಣಿಸುತ್ತ ಕೂತ ದಾದಿಗೆ ಝಣಝಣ ಕೇಳಿಸುತ್ತಿತ್ತು. ಪೊಲೀಸರಿಗೂ ಹೊಳೆಯದ ಉಪಾಯ ಅದು, ನನಗೆ ಇವತ್ತಿಗೂ ಒಂದು ಕಡೆ ನಗು, ಒಂದು ಕಡೆ ಸಂಕಟ.

ಮನೆ ದೊಡ್ಡದೇನಲ್ಲ. ರಸ್ತೆಗೆ ತೆರೆದುಕೊಂಡ ಮುಂದಿನ ಕೋಣೆ ಅಬ್ಬಾನ ಕಾರ್ಖಾನೆ, ನಡುಮನೆ ದಾದಿಯ ರಾಜ್ಯ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ಅಬ್ಬಾ ಬಡಗಿ. ದಢೇಸುಗೂರು, ಗೊರೇಬಾಳದ ಕಡೆ ಭತ್ತದ ಸುಗ್ಗಿ ಮುಗಿದರೆ ರೈತರು ಬಾಗಿಲು, ಮಂಚ, ಕಪಾಟು ಹೇಳಿ ಹೋಗುತ್ತಿದ್ದರು. ಸುಗ್ಗಿ ಇಲ್ಲದ ದಿನಗಳಲ್ಲಿ ಭಜನೆಯವರ ಹಾರ್ಮೋನಿಯಮ್ಮು, ಖವ್ವಾಲಿಯವರ ಢೋಲಕ್ಕು ರಿಪೇರಿಗೆ ಬರುತ್ತಿದ್ದವು. ಅಬ್ಬಾಗೆ ಹಾಡಲು ಬರುತ್ತಿರಲಿಲ್ಲ, ಆದರೆ ಒಂದು ವಾದ್ಯ ಎಲ್ಲಿ ನೋಯುತ್ತಿದೆ ಎಂಬುದು ಕಿವಿಗೆ ಗೊತ್ತಾಗುತ್ತಿತ್ತು. ಸಾಗವಾನಿ ಮರದ ಪುಡಿ ಅನ್ನದ ತಪೇಲಿಯವರೆಗೂ ಬರುತ್ತಿತ್ತು. ನಾವು ಅದನ್ನು ಊದಿ ಉಣ್ಣುತ್ತಿದ್ದೆವು. ಮನೆಮಾತು ದಖನಿ ಉರ್ದು, ಓಣಿಮಾತು ಕನ್ನಡ, ಎರಡೂ ನಮ್ಮ ಬಾಯಲ್ಲಿ ಕಲಸಿಹೋಗಿದ್ದವು. ಒಂದರಲ್ಲಿ ಶುರುವಾದ ಮಾತು ಇನ್ನೊಂದರಲ್ಲಿ ಮುಗಿಯುತ್ತಿತ್ತು. ಓದುವವರಿಗೆ ಸಲೀಸಾಗಲಿ ಎಂದು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ಊಟದ ಹೊತ್ತಿಗೆ ನಮ್ಮಲ್ಲಿ ತಪಾಸಣೆ ನಡೆಯುತ್ತಿತ್ತು. ಪುಂಡಿಪಲ್ಯ, ಶೇಂಗಾ ಚಟ್ನಿ, ಬಿಸಿ ಜೋಳದ ರೊಟ್ಟಿ. ದಾದಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ಅದರ ಮೇಲಿನ ಬೆರಳಿನ ಗುರುತು ನೋಡುತ್ತಿದ್ದಳು. ಬಳೆಯ ಸದ್ದಾಗದಂತೆ ಅಮ್ಮಿ ಸೆರಗು ಸುತ್ತಿ ಎಡಗೈಯಲ್ಲೇ ಬಡಿದಿದ್ದರೂ ಆ ಗುರುತಿನಲ್ಲಿ ಸಿಕ್ಕಿಬೀಳುತ್ತಿದ್ದಳು. ಒಂದು ಮಧ್ಯಾಹ್ನದ ಜಗಳ ನನಗೆ ಚೆನ್ನಾಗಿ ನೆನಪಿದೆ.

“ಇದು ಯಾವ ಕೈಲೆ ಬಡಿದದ್ದು?” ಎಂದಳು ದಾದಿ.

“ಹಸದವರಿಗೆ ರೊಟ್ಟಿ ಬೇಕ್ರಿ ಅಮ್ಮಾ, ಕೈ ಯಾಕ ಬೇಕು?”

“ನನಗ ಬೇಕು. ಈ ಮನ್ಯಾಗ ಬರ್ಕತ್ ಬರೋದು ಬಲಗೈಲೆ.”

ದಾದಿ ಆ ರೊಟ್ಟಿಯನ್ನು ಹಿತ್ತಲಲ್ಲಿದ್ದ ಮೇಕೆಗೆ ಹಾಕಿಬಂದಳು. ಮೇಕೆ ಕೈ ಯಾವುದೆಂದು ಕೇಳದೆ ತಿಂದಿತು. ಅಮ್ಮಿ ಇನ್ನೊಂದು ಹಿಟ್ಟಿನುಂಡೆ ತೆಗೆದುಕೊಂಡು ಬಲಗೈಯಿಂದ ಬಡಿಯತೊಡಗಿದಳು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಾಗಿ ಹಂಚಿನ ಮೇಲೆ ಹರಿಯಿತು. ಅಬ್ಬಾ ಹರಿದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಸಿಕೊಂಡು, ತಲೆ ಎತ್ತದೆ ಉಂಡ. ತಾಯಿಗೂ ಹೆಂಡತಿಗೂ ನಡುವೆ ಮಾತು ಬಂದಾಗೆಲ್ಲ ಅಬ್ಬಾ ಮಾಡುತ್ತಿದ್ದದ್ದು ಅಷ್ಟೇ. ಆಗ ನನಗೆ ಅವನ ಮೇಲೆ ಬಹಳ ಸಿಟ್ಟಿತ್ತು.

ಅಂಥ ದಿನಗಳಲ್ಲಿ ನಮ್ಮ ಮನೆಗೆ ಗೌತಮ ಸರ್ ಬಂದರು. ಲಿಂಗಸುಗೂರಿನಲ್ಲಿ ಹೈಸ್ಕೂಲು ಮಾಸ್ತರರು, ರಜೆಯ ದಿನ ಮದುವೆಯ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುವವರು. ಅಚ್ಚುಕಟ್ಟಾದ ಬಿಳಿ ಅಂಗಿ, ಬಗಲಲ್ಲಿ ಕರೆಂಟಿನ ಗಿಟಾರು. ದಾದಿ ಕೊಟ್ಟ ಚಹಾವನ್ನು ಅವರು ಬಲಗೈಯಲ್ಲಿ ತೆಗೆದುಕೊಂಡಾಗ ದಾದಿಯ ಮುಖ ಅರಳಿತು. ಕಪ್ಪು ಕೆಳಗಿಟ್ಟು ಗಿಟಾರನ್ನು ಎದೆಗೇರಿಸಿ ಎಡಗೈಯಿಂದ ಮೀಟಿದಾಗ ಬಾಡಿತು. ಅವರ ಗಿಟಾರು ಬಲಗೈಯವರಿಗೆಂದು ಮಾಡಿದ್ದು, ಅದನ್ನು ತಲೆಕೆಳಗು ಹಿಡಿದು ತಂತಿಗಳನ್ನು ಅದಲುಬದಲು ಮಾಡಿಕೊಂಡಿದ್ದರು. ಕೆಳಗಿರಬೇಕಾದ ಗುಂಡಿಗಳು ಮೇಲೆ ಬಂದು, ಹಾಡಿನ ನಡುವೆ ಮೊಣಕೈ ತಗುಲಿ ಸದ್ದು ತಾನೇ ಇಳಿದುಹೋಗುತ್ತಿತ್ತಂತೆ.

“ಅಂಗಡ್ಯಾಗಿನವು ಎಲ್ಲಾ ಬಲಗೈಯವರಿಗೆ ಮಾಡ್ಯಾರ ಮಿಸ್ತ್ರಿ. ನಾ ಇಷ್ಟು ವರ್ಷ ತಲಿಕೆಳಗ ಹಿಡದ ಬಾರ್ಸಾಕತ್ತೀನಿ. ತಂಗಿ ಮದುವಿ ಬಂದೈತಿ. ಅವತ್ತೊಂದು ದಿನ ನೆಟ್ಟಗ ಹಿಡದು ಬಾರ್ಸಬೇಕಂತ ಆಸೆ ಐತಿ” ಎಂದರು ಗೌತಮ ಸರ್.

ನಡುಮನೆಯಿಂದ ದಾದಿ, ಎಲ್ಲರಿಗೂ ಕೇಳುವಂತೆ, ತನ್ನಷ್ಟಕ್ಕೆ ತಾನು ಅಂದಳು:

“ಇಷ್ಟು ಓದ್ಯಾನ, ಮಾಸ್ತರ ಆಗ್ಯಾನ. ಸಣ್ಣಾಂವಿದ್ದಾಗ ಯಾರೂ ಆ ಕೈ ಮ್ಯಾಲ ಒಂದು ಕೊಡಲಿಲ್ಲೇನು?”

ಗೌತಮ ಸರ್ ನಕ್ಕರು. “ಭಾಳ ಮಂದಿ ಕೊಟ್ಟಾರವ್ವ. ಬರಿಯೋದು, ಉಣ್ಣೋದು ಬಲಗೈಲೆ ಕಲ್ತೆ. ಬಾರ್ಸೋದು ಮಾತ್ರ ಆಗಲಿಲ್ಲ.”

ಪರದೆಯ ಹಿಂದೆ ಅಮ್ಮಿ ನಿಂತಿದ್ದಳು. ಅವಳ ಬಳೆಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು. ಅಬ್ಬಾ ಅದುವರೆಗೆ ಗಿಟಾರು ಮಾಡಿದವನಲ್ಲ. ಒಪ್ಪಿಕೊಂಡದ್ದು ಯಾಕೆಂದು ಮುಂದೆ ಎಷ್ಟೋ ಸಲ ಕೇಳಿದ್ದೇನೆ. “ಮಾಸ್ತರ ಕೇಳಿದ ರೀತಿ ಹಂಗಿತ್ತು” ಎನ್ನುವುದಷ್ಟೇ ಅವನ ಉತ್ತರ.

ಒಂದು ಕೆಡವಿದ ಮನೆಯ ಬಾಗಿಲ ಚೌಕಟ್ಟು ಕಾರ್ಖಾನೆಯ ಮೂಲೆಯಲ್ಲಿತ್ತು. ಎರಡು ತಲೆಮಾರು ಬಿಸಿಲು ಮಳೆ ತಿಂದ ಸಾಗವಾನಿ, ಇನ್ನು ಬಾಗುವ ಮಾತೇ ಇಲ್ಲ. ಅಬ್ಬಾ ಅದರಲ್ಲಿ ಗಿಟಾರಿನ ಮೈಯನ್ನೂ ಕುತ್ತಿಗೆಯನ್ನೂ ಕೊರೆದ. ಸರ್‌ ಅವರ ಗಿಟಾರನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಕನ್ನಡಿಯೊಳಗಿನ ಗಿಟಾರನ್ನು ನೋಡಿ ಅಳತೆ ತೆಗೆದ. ಕುತ್ತಿಗೆಯ ಮೇಲೆ ಬೀಟೆಯ ಪಟ್ಟಿ, ಅದರಲ್ಲಿ ಕೂದಲೆಳೆಯಂಥ ಇಪ್ಪತ್ತೆರಡು ಸೀಳು, ಪ್ರತಿ ಸೀಳಿನಲ್ಲಿ ಒಂದೊಂದು ಲೋಹದ ತುಂಡು. ವೀಣೆಗೆ ಮೆಟ್ಟು ಇರುವಂತೆ ಗಿಟಾರಿಗೆ ಇವು, ಫ್ರೆಟ್ ಎನ್ನುತ್ತಾರೆ. ಬಡಿದ ಮೇಲೆ ಇಪ್ಪತ್ತೆರಡರ ತಲೆಯೂ ಒಂದೇ ಮಟ್ಟದಲ್ಲಿರಬೇಕು. ಒಂದು ಎತ್ತರ, ಒಂದು ತಗ್ಗು ಆದರೆ ತಂತಿ ಅಲ್ಲಿ ತಗುಲಿ ಜಿರ್ರೆನ್ನುತ್ತದೆ. ಉದ್ದನೆಯ ದಪ್ಪ ಗಾಜಿನ ಪಟ್ಟಿಗೆ ಪಾಲಿಶ್ ಪೇಪರ್ ಅಂಟಿಸಿ, ಅದನ್ನು ಫ್ರೆಟ್ಟುಗಳ ಮೇಲೆ ಹಿಂದೆ ಮುಂದೆ ಆಡಿಸಿ ಮಟ್ಟ ಮಾಡಬೇಕು. ಎಲ್ಲಿ ತಾಗಿತು, ಎಲ್ಲಿ ಇಲ್ಲ ಎಂದು ತಿಳಿಯಲು ಅಬ್ಬಾ ದಾದಿಯ ಡಬ್ಬಿಯ ಕಾಡಿಗೆಯನ್ನು ಫ್ರೆಟ್ಟುಗಳಿಗೆಲ್ಲ ಹಚ್ಚಿದ. ಉಜ್ಜಿದಾಗ ಕಾಡಿಗೆ ಹೋದ ಜಾಗ ಎತ್ತರ, ಉಳಿದ ಜಾಗ ತಗ್ಗು. ಮನೆಯ ಕಾಡಿಗೆ ಗಿಟಾರಿನ ಪಾಲಾಯಿತೆಂದು ದಾದಿ ಎರಡು ದಿನ ಗೊಣಗಿದಳು.

ಮೊದಲ ಸಲ ತಂತಿ ಕಟ್ಟಿ ನೋಡಿದಾಗ ದಪ್ಪ ತಂತಿಗಳ ಕಡೆ, ಐದರಿಂದ ಒಂಬತ್ತನೇ ಫ್ರೆಟ್ಟಿನವರೆಗೆ, ಜಿರ್ರೆಂಬ ಸದ್ದು. ಅಬ್ಬಾ ಬಿಚ್ಚಿ ಮತ್ತೆ ಉಜ್ಜಿದ. ಸದ್ದು ಎಂಟಕ್ಕೆ ಹೋಗಿ ಕೂತಿತು. ಮೂವತ್ತು ವರ್ಷ ರಂದ ಹೊಡೆದು ಹಲಗೆ ನುಣುಪು ಮಾಡಿದ ಕೈ ಅವನದು, ಒತ್ತಡ ತನ್ನ ಕಡೆಗೇ ವಾಲುತ್ತಿತ್ತು. ಬಾಗಿಲಿನ ಹಲಗೆಯಲ್ಲಿ ಯಾರಿಗೂ ಕಾಣದ ಆ ವಾಲು ಫ್ರೆಟ್ಟಿನಲ್ಲಿ ಕೇಳಿಸುತ್ತಿತ್ತು. ಗಿಟಾರನ್ನು ತಿರುಗಿಸಿಟ್ಟುಕೊಂಡು ಉಜ್ಜಿದರೆ ಇನ್ನೊಂದು ಕಡೆ ಕೆಟ್ಟಿತು. ಗಾಜಿನ ಪಟ್ಟಿಯ ಎರಡೂ ತುದಿಗೆ ಸಮ ಒತ್ತಡ ಬೀಳಬೇಕೆಂದು, ಪಕ್ಕದ ಓಣಿಯಲ್ಲಿ ಟೈರು ಅಂಗಡಿ ಇಟ್ಟಿದ್ದ ತನ್ನ ತಮ್ಮ ಕರೀಂ ಚಾಚಾನನ್ನು ಕರೆಸಿದ. ಅಣ್ಣ ತಮ್ಮ ಎದುರುಬದುರು ಕೂತು, ಗರಗಸ ಎಳೆಯುವವರಂತೆ ಎಳೆದರು. ಇಬ್ಬರದೂ ಬಲಗೈ. ಒಬ್ಬನದು ಈ ಅಂಚಿಗೆ, ಒಬ್ಬನದು ಆ ಅಂಚಿಗೆ. ಪಟ್ಟಿ ನಡುವೆ ತಿರುಚಿಕೊಂಡು, ಸರಿ ಇದ್ದ ಫ್ರೆಟ್ಟುಗಳೂ ಮೂಲೆ ಸವೆದವು.

ಫ್ರೆಟ್ಟಿನ ಎತ್ತರವೇ ಇಷ್ಟೇ ಇಷ್ಟು. ಅದರಲ್ಲಿ ಈಗ ಉಳಿದದ್ದು ಇನ್ನೊಂದು ಸಲ ಉಜ್ಜುವಷ್ಟು ಮಾತ್ರ. ಫ್ರೆಟ್ಟಿನ ತುಂಡುಗಳನ್ನು ಕತ್ತರಿಸಿದ ಲೋಹದ ತಂತಿ ಹೈದರಾಬಾದಿನಿಂದ ಯಾರದೋ ಕೈಯಲ್ಲಿ ತರಿಸಿದ್ದು, ಮಿಕ್ಕಿದ್ದು ಗೇಣುದ್ದ. ಮದುವೆಗೆ ಹತ್ತು ದಿನ. ಅಬ್ಬಾ ಗಿಟಾರನ್ನು ಹಳೆಯ ಚಾದರದಲ್ಲಿ ಸುತ್ತಿ ಮೂಲೆಗಿಟ್ಟು, ಲಿಂಗಸುಗೂರಿಗೆ ಹೋಗಿ ಆಗಲಿಲ್ಲವೆಂದು ಹೇಳಿಬರುತ್ತೇನೆ ಎಂದ. ಶುಕ್ರವಾರ ಅದು. ಬಗಾರಾ ಅನ್ನ, ದಾಲ್ಚಾ ಮುಂದಿದ್ದರೂ ಅವನು ತಾಟಿಗೆ ಕೈ ಹಾಕಲಿಲ್ಲ. ನಾನು ಅಬ್ಬಾ ಸೋತದ್ದನ್ನು ಮೊದಲು ನೋಡಿದ್ದು ಅವತ್ತು.

ಅಮ್ಮಿ ಸೌಟು ಕೆಳಗಿಟ್ಟಳು.

“ನೋಡ್ರಿ, ನಿಮ್ಮ ಕೈ ಕೆಟ್ಟಿಲ್ಲ. ನಿಮ್ಮ ಎದುರಿಗೆ ಕುಂತ ಕೈ ತಪ್ಪೈತಿ. ಮಸ್ಕ್ಯಾಗ ನಮ್ಮ ತಾಯಿ, ನಾನು ಎದುರುಬದುರು ಕುಂತು ಬೀಸಕಲ್ಲಿನ್ಯಾಗ ಬ್ಯಾಳಿ ಒಡಿತಿದ್ವಿ. ಆಕಿದು ಬಲಗೈ, ನಂದು ಎಡಗೈ. ಎದುರಿಗೆ ಕುಂತಾಗ ಎರಡೂ ಒಂದೇ ಕಡೆ ಬರ್ತಾವ. ಗೂಟ ಒಂದಿನಾನೂ ಅಲಗಲಿಲ್ಲ.”

ಅವಳು ಏನು ಕೇಳುತ್ತಿದ್ದಾಳೆಂದು ಎಲ್ಲರಿಗೂ ತಿಳಿಯಿತು. ಸೊಸೆಯಾಗಿ ಬಂದಾಗಿನಿಂದ ಕದ್ದು ಮುಚ್ಚಿ ಬಳಸಿದ ಕೈಯನ್ನು ಹಗಲುಹೊತ್ತಿನಲ್ಲಿ, ಅತ್ತೆಯ ಎದುರಿಗೆ, ಗಂಡನ ಕಸುಬಿನಲ್ಲಿ ಇಡುತ್ತೇನೆ ಎನ್ನುತ್ತಿದ್ದಳು. ಇನ್ನೊಂದು ಸಲ ತಪ್ಪಿದರೆ ಗಿಟಾರೂ ಹೋಯಿತು, ಆ ಕೈಯ ಮಾನವೂ ಹೋಯಿತು. ದಾದಿ ಬಾಯಲ್ಲಿದ್ದ ಅಡಿಕೆ ಒಂದು ಕಡೆ ಸರಿಸಿದಳು.

“ಗಿರಾಕಿ ಸಾಮಾನು ಅದು. ನಾಳೆ ಏನರೆ ಆದ್ರ ಊರು ಯಾರಿಗೆ ಅಂತೈತಿ? ಬಡಗಿ ಮಾಬುಸಾಬನ ಹೆಂಡ್ತಿ ಎಡಗೈ ಹಚ್ಚಿದ್ಲು, ಕೆಟ್ಟುಹೋತು ಅಂತೈತಿ.”

ನಾನು ಅಬ್ಬಾನನ್ನು ನೋಡಿದೆ. ಈಗಲೂ ತಲೆ ಬಗ್ಗಿಸುತ್ತಾನೆ ಎಂದುಕೊಂಡೆ. ಅವನು ತಾಯಿಯ ಮುಖ ನೋಡಿಕೊಂಡೇ ಹೇಳಿದ:

“ಗಿರಾಕಿನೂ ಎಡಗೈಯಾಂವನ ಅಲ್ಲೇನಮ್ಮ.”

ಅಷ್ಟೇ ಮಾತು. ಅಷ್ಟಕ್ಕೇ ಅವನ ಮೇಲೆ ನಾನು ಇಟ್ಟುಕೊಂಡಿದ್ದ ಸಿಟ್ಟೆಲ್ಲ ಕರಗಿತು.

ಮರುದಿನ ಬೆಳಿಗ್ಗೆ ಕಾರ್ಖಾನೆಯಲ್ಲಿ ಚಾಪೆ ಹಾಸಿ, ಗಿಟಾರನ್ನು ಮಡಿಸಿದ ಗೋಣಿಚೀಲಗಳ ಮೇಲೆ ಮಲಗಿಸಿದರು. ಅಮ್ಮಿ ಮೊದಲು ಹಿತ್ತಲಿಗೆ ಹೋಗಿ, ಎಡಗೈಗೆ ಸೋಪು ಹಚ್ಚಿ ಬಳೆಗಳನ್ನು ಒಂದೊಂದಾಗಿ ಜಾರಿಸಿದಳು. ಬಳೆ ಬಡಿದು ಮರಕ್ಕೆ ಗೀರು ಬೀಳಬಾರದಲ್ಲ. ದಾದಿ ಎದ್ದು ಬಂದಳು.

“ಗಂಡ ಜೀವಂತ ಕುಂತಾನ, ಬಳಿ ತೆಗಿತೀಯೇನು?”

“ತೆಗದಿಲ್ರಿ ಅಮ್ಮಾ. ಕೈ ಬದಲಿ ಮಾಡೀನಿ.”

ನಿಜ, ಹನ್ನೆರಡೂ ಬಳೆ ಬಲಗೈಯಲ್ಲಿದ್ದವು. ದಾದಿ ಕಾರ್ಖಾನೆಯ ಹೊಸ್ತಿಲ ಮೇಲೆ ಜಪಮಣಿ ಹಿಡಿದು ಕೂತುಬಿಟ್ಟಳು, ತಪ್ಪಾಗುವುದನ್ನು ಕಣ್ಣಾರೆ ನೋಡಿಯೇ ಏಳುವವಳಂತೆ. ಅಮ್ಮಿ ಫ್ರೆಟ್ಟುಗಳಿಗೆ ಹೊಸದಾಗಿ ಕಾಡಿಗೆ ಹಚ್ಚಿದಳು. ಅಬ್ಬಾ ಗಿಟಾರಿನ ಬುಡದ ಕಡೆ, ಅಮ್ಮಿ ತಲೆಯ ಕಡೆ. ಅವನ ಬಲಗೈ ಒಂದು ತುದಿಗೆ, ಅವಳ ಎಡಗೈ ಇನ್ನೊಂದು ತುದಿಗೆ, ನಡುವೆ ಗಾಜಿನ ಪಟ್ಟಿ. ಎರಡು ಕೈಯೂ ಒಂದೇ ಗೆರೆಯಲ್ಲಿ ಹೋಗಿ ಬರತೊಡಗಿದವು. ಯಾರೂ ಒತ್ತಲಿಲ್ಲ, ಯಾರೂ ಎಳೆಯಲಿಲ್ಲ. ಹತ್ತು ಸಲ ಆಡಿಸುವುದು, ನಿಲ್ಲಿಸುವುದು, ಬಗ್ಗಿ ನೋಡುವುದು. ಕಾಡಿಗೆ ಮೊದಲು ಎಲ್ಲ ಫ್ರೆಟ್ಟುಗಳ ನೆತ್ತಿಯಲ್ಲೂ ದಾರದಷ್ಟು ಹೋಯಿತು, ಆಮೇಲೆ ಎರಡೂ ಅಂಚಿಗೆ ಒಟ್ಟಿಗೇ ಹರಡಿತು. ಅಬ್ಬಾ ಉಕ್ಕಿನ ಸ್ಕೇಲನ್ನು ಮೂರು ಮೂರು ಫ್ರೆಟ್ಟುಗಳ ಮೇಲೆ ಇಟ್ಟು ಬೆರಳಿಂದ ಅಲುಗಿಸಿದ. ತಗ್ಗುದಿಣ್ಣೆ ಇದ್ದರೆ ಸ್ಕೇಲು ಟಕಟಕ ಎನ್ನಬೇಕು. ಅದು ಸುಮ್ಮನೆ ಕೂತಿತ್ತು. ಅಬ್ಬಾ ಅಮ್ಮಿಯನ್ನು ನೋಡಿದ ಆ ನೋಟ ನನಗೆ ಹೊಸದು. ಒಳ್ಳೆಯ ಕೆಲಸಗಾರನನ್ನು ಇನ್ನೊಬ್ಬ ಕೆಲಸಗಾರ ನೋಡುವ ನೋಟ.

ನಾನು ಈಗ ಎಷ್ಟೋ ವರ್ಷಗಳಿಂದ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಒಂದನೇ ತರಗತಿಗೆ ಬಂದ ಮಕ್ಕಳ ಕೈಗೆ ಬಳಪ ಕೊಡುವಾಗ ಅದನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಲ್ಲುತ್ತೇನೆ, ಯಾವ ಕೈ ಮುಂದೆ ಬರುತ್ತದೋ ಬರಲಿ. ಇದನ್ನು ನನಗೆ ಯಾವ ತರಬೇತಿಯವರೂ ಹೇಳಿಕೊಟ್ಟದ್ದಲ್ಲ.

ಮಟ್ಟವಾದರೆ ಮುಗಿಯಲಿಲ್ಲ. ಉಜ್ಜಿದ ಫ್ರೆಟ್ಟಿನ ನೆತ್ತಿ ಚಪ್ಪಟೆಯಾಗಿರುತ್ತದೆ, ಅದನ್ನು ಮೂರುಮೂಲೆಯ ಸಣ್ಣ ಅರದಿಂದ ಎರಡೂ ಕಡೆ ಉಜ್ಜಿ ಮತ್ತೆ ದುಂಡಗೆ ಮಾಡಬೇಕು, ಒಂದೊಂದನ್ನೂ ಬೇರೆ ಬೇರೆ. ಒಂದು ಕಡೆ ಅಬ್ಬಾ, ಇನ್ನೊಂದು ಕಡೆ ಅಮ್ಮಿ, ಇಪ್ಪತ್ತೆರಡು ಫ್ರೆಟ್ಟು, ಎರಡು ದಿನ. ಆಮೇಲೆ, ತಂತಿ ಕಟ್ಟಿ ನೋಡಲೆಂದು ಹಾಕಿ ಬಿಚ್ಚಿದ್ದ ಸಾಮಾನನ್ನು ಖಾಯಂ ಆಗಿ ಕೂಡಿಸುವ ಕೆಲಸ. ತಂತಿ ಬಿಗಿಯುವ ಆರು ಕಿವಿಗಳು, ತಂತಿ ಕೂರುವ ಲೋಹದ ಸೇತುವೆ, ಸದ್ದು ಹಿಡಿಯುವ ಅಯಸ್ಕಾಂತದ ಡಬ್ಬಿ, ಗುಂಡಿಗಳು. ಸಾಗವಾನಿ ಸೀಳದಿರಲೆಂದು ಅಬ್ಬಾ ಪ್ರತಿ ಸ್ಕ್ರೂವನ್ನೂ ಸೋಪಿಗೆ ತಿಕ್ಕಿ ತಿರುವುತ್ತಿದ್ದ. ಕುತ್ತಿಗೆಯ ತುದಿಯಲ್ಲಿ ತಂತಿಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಪಟ್ಟಿಗೆ ಕುರಿಯ ಕಾಲಿನ ಮೂಳೆ. ಅಮ್ಮಿ ಅದನ್ನು ಸೋಡಾ ಹಾಕಿ ಕುದಿಸಿ ಬಿಸಿಲಿಗಿಟ್ಟಿದ್ದಳು. ಪಾಯಾ ಸಾರು ಆಗುತ್ತದೆಂದು ಕಾದಿದ್ದ ದಾದಿಗೆ ಅದೊಂದು ಬೇರೆ ಅಸಮಾಧಾನ. ಕೊನೆಗೆ ತಂತಿ ಕಟ್ಟಿದರು. ಕರೆಂಟಿನ ಗಿಟಾರು ಬರಿದೆ ಮೀಟಿದರೆ ಕೇಳಿಸುವುದೇ ಇಲ್ಲ. ಅಬ್ಬಾ ಅದರ ತಲೆಯನ್ನು ಮರದ ಕಪಾಟಿನ ಬಾಗಿಲಿಗೆ ಒತ್ತಿ ಹಿಡಿದು, ಒಂದೊಂದು ಫ್ರೆಟ್ಟನ್ನೂ ಒತ್ತಿ ಮೀಟಿದ. ಬಟ್ಟೆ ತುಂಬಿದ ಕಪಾಟಿನೊಳಗಿಂದ ಸ್ವರ ಬಂತು. ಐದು, ಆರು, ಏಳು, ಎಂಟು, ಒಂಬತ್ತು. ಜಿರ್ರೆನ್ನಲಿಲ್ಲ. ಅಮ್ಮಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಗೌತಮ ಸರ್ ಮದುವೆಗೆ ಮೂರು ದಿನ ಮುಂಚೆ, ಸಣ್ಣ ಸ್ಪೀಕರ್ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನಲ್ಲಿ ಬಂದರು. ಗಿಟಾರನ್ನು ಎದೆಗೇರಿಸಿದರು. ಗುಂಡಿಗಳೆಲ್ಲ ಕೆಳಗೆ, ಇರಬೇಕಾದ ಜಾಗದಲ್ಲಿ. ಬಲಗೈ ಕುತ್ತಿಗೆಯ ಮೇಲೆ ಏರಿ ಇಳಿದು, ಎಡಗೈ ಮೀಟಿತು. ಒಂದು ಹಾಡು ಪೂರ್ತಿ ನುಡಿಸಿದರು, ಮೊಣಕೈಯನ್ನು ಒಮ್ಮೆಯೂ ಹಿಂದೆ ಎಳೆದುಕೊಳ್ಳಲಿಲ್ಲ. ಓಣಿಯ ಜನ ಬಾಗಿಲಲ್ಲಿ ಕೂಡಿದ್ದರು. ಹಾಡು ಮುಗಿದ ಮೇಲೆ ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ನೋಡಿದರು.

“ಇಷ್ಟು ಮಟ್ಟ ನಾ ಎಲ್ಲೂ ನೋಡಿಲ್ಲ ಮಿಸ್ತ್ರಿ. ಹೆಂಗ ಮಾಡಿದ್ರಿ?”

ದಾದಿ ನಡುಮನೆಯ ಪರದೆಯ ಅಂಚು ಹಿಡಿದು ನಿಂತಿದ್ದಳು. ಅಬ್ಬಾ ಬೇಕಿದ್ದರೆ ನಕ್ಕು ಸುಮ್ಮನಾಗಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

“ಅರ್ಧ ನಂದು, ಅರ್ಧ ನಮ್ಮ ಮನಿಯವರದು ಸರ್. ಅವರು ಎಡಗೈಯವರು.”

ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌತಮ ಸರ್ ಎದ್ದು ನಿಂತು ಪರದೆಯ ಕಡೆ ತಿರುಗಿದರು.

“ಅಕ್ಕಾರ, ಬಲಗೈಲೆ ಕೆಲಸ ಮಾಡಾಕ ನಿಮಗ ಎಷ್ಟು ವರ್ಷ ಹಿಡೀತ್ರಿ?”

ಒಳಗಿಂದ ಅಮ್ಮಿಯ ದನಿ ಬಂತು. “ಇನ್ನಾ ಕಲಿಯಾಕತ್ತೀನ್ರಿ ಸರ್.”

ಎಲ್ಲರೂ ನಕ್ಕರು. ಗೌತಮ ಸರ್ ಕೂಡ ನಕ್ಕರು, ಆದರೆ ಕಣ್ಣು ಒದ್ದೆಯಾಗಿತ್ತು. ದಾದಿ ಒಬ್ಬಳೇ ನಗಲಿಲ್ಲ. ಪರದೆ ಬಿಟ್ಟು ಒಳಗೆ ಹೋದಳು.

ಸರ್ ಬಸ್ಸಿಗೆ ಹೋದ ಮೇಲೆ ದಾದಿ ನಡುಮನೆಯಿಂದ ಕರೆದಳು, “ಜುಬೇದಾ, ಇಲ್ಲಿ ಬಾ.” ಅಮ್ಮಿಯನ್ನು ಅವಳು ಹೆಸರು ಹಿಡಿದು ಕರೆಯುತ್ತಿದ್ದದ್ದು ಸಿಟ್ಟು ಬಂದಾಗ ಮಾತ್ರ. ನಾನು ಅಮ್ಮಿಯ ಬೆನ್ನ ಹಿಂದೆಯೇ ಹೋದೆ. ದಾದಿಯ ಮುಂದೆ ಒಂದು ಬಟ್ಟಲಿನಲ್ಲಿ ಬಿಸಿ ತುಪ್ಪ, ಅದರಲ್ಲಿ ಅರಿಶಿನ. ಕೂರು ಎಂದಳು, ಅಮ್ಮಿ ಕೂತಳು. ಕೈ ತಾ ಎಂದಳು. ಅಮ್ಮಿ ಅಭ್ಯಾಸದಂತೆ ಬಲಗೈ ಮುಂದೆ ಮಾಡಿದಳು.

“ಅದಲ್ಲ.”

ಅಮ್ಮಿ ಎಡಗೈ ಚಾಚಿದಳು. ಅರ ಹಿಡಿದು ಹಿಡಿದು ಅಂಗೈ ತುಂಬ ಗುಳ್ಳೆ ಎದ್ದಿದ್ದವು, ಎರಡು ಒಡೆದಿದ್ದವು. ನಮಗ್ಯಾರಿಗೂ ಅದು ಕಂಡಿರಲಿಲ್ಲ. ಹೊಸ್ತಿಲ ಮೇಲೆ ಕೂತು ನೋಡಿದ ದಾದಿಗೆ ಕಂಡಿತ್ತು. ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಗುಳ್ಳೆಗೂ ಬೆರಳ ತುದಿಯಿಂದ ತುಪ್ಪ ಹಚ್ಚುತ್ತ, ಮುಖ ಗಂಟಿಕ್ಕಿಕೊಂಡೇ ಹೇಳಿದಳು:

“ರೂಢಿ ತಪ್ಪಿದ ಕೈ ಇದು. ದಿನಾ ದುಡಿಸಿದ್ರ ಹಿಂಗ ಗುಳ್ಳಿ ಏಳ್ತಿದ್ದಿಲ್ಲ.”

ರೂಢಿ ತಪ್ಪಿಸಿದವರು ಯಾರೆಂದು ಅಮ್ಮಿ ಕೇಳಲಿಲ್ಲ. ತುಪ್ಪ ಮುಗಿಯಿತು. ಅಮ್ಮಿ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ದಾದಿಯೂ ಬಿಡಲಿಲ್ಲ.